ಹಿಮದ ಉಷ್ಣಾಂಶ

ಸುತ್ತೋಲೆ ಬಂದದ್ದು ಬಿಸಿಯೂಟದ ಹೊತ್ತಿಗೆ,
ಸಾರಿನ ಕಲೆ ಬಿದ್ದು ಒಂದು ಸಾಲು ಮಸುಕಾಗಿತ್ತು:
'ಶಾಲಾ ಮಕ್ಕಳ ಸ್ಕೀ ಓಟ, ಜಿಲ್ಲಾ ಮಟ್ಟದ ಆಯ್ಕೆ.
ಹನ್ನೆರಡು ದಿನದೊಳಗೆ ನಡೆಸಿ ವರದಿ ಕಳಿಸತಕ್ಕದ್ದು.'
ಕೆಳಗೆ ಹಸಿರು ಶಾಯಿಯ ಸಹಿ.

ಫಿಲೋಮಿನಾ ಮೇಡಂ ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.
'ನಮ್ಮೂರಲ್ಲಿ ಹಿಮ ಅಂದರೆ
ಆಂಡರ್‌ಸನ್‌ಪೇಟೆಯ ಮೀನಂಗಡಿ ಡಬ್ಬ ಅಲ್ಲವೇ, ಪೀಟಿ ಮೇಷ್ಟ್ರೇ?'
ನಾನು ಕಿಟಕಿಯಾಚೆ ನೋಡಿದೆ.
ಅವರೂ ನೋಡಿದರು. ಬೇಡ ಅಂದರು.

ಕಿಟಕಿಯಾಚೆ ಇತ್ತಲ್ಲ, ಸೈನೈಡ್ ಗುಡ್ಡ.
ಬೂದಿಗಿಂತ ಬೆಳ್ಳಗೆ, ಸುಣ್ಣಕ್ಕಿಂತ ಕಂದು,
ಹುಲ್ಲು ಕಚ್ಚದ ಮೈ, ಮೈತುಂಬ ಮಳೆ ಗೀರಿದ ಗೆರೆ.
ಚಿನ್ನ ಹಿಂಡಿದ ಮೇಲೆ ಉಳಿದ ಹಿಂಡಿ,
ದನವೂ ಮೂಸದ್ದು.
ಗಾಳಿ ಎದ್ದ ದಿನ ಒಗೆದ ಬಟ್ಟೆ ಮತ್ತೆ ಒಗೆಯಬೇಕು,
ಕಣ್ಣನ್ನೂ.

'ಮಳೆಯಾದ ಮರುದಿನ ಅದು ಏಳುವುದಿಲ್ಲ ಮೇಡಂ,
ಗಟ್ಟಿ ಮೊಸರಿನ ಹಾಗೆ ಕೂತಿರುತ್ತದೆ' ಅಂದೆ.
ನನ್ನ ದನಿ ನನಗೇ ವ್ಯಾಪಾರಿಯದರ ಹಾಗೆ ಕೇಳಿಸಿತು.
ಅವರು ಚೀಟಿಯಲ್ಲಿ ಬರೆದುಕೊಟ್ಟರು:
ಬಾಯಿಗೆ ಬಟ್ಟೆ, ಕಾಲಿಗೆ ಬೂಟು,
ಮನೆಗೆ ಹೋಗುವ ಮುಂಚೆ ಸ್ನಾನದಷ್ಟು ನೀರು.

ಆರೋಗ್ಯಂ ತಾತನಿಗೆ ಕ್ಯಾಲೆಂಡರಿನ ಚಿತ್ರ ತೋರಿಸಿದೆ.
ಚಾಂಪಿಯನ್ ರೀಫಿನ ಸುರಂಗಕ್ಕೆ ಮರದ ಆನಿಕೆ ಕೊಟ್ಟ ಕೈ.
'ಇಷ್ಟೇನಾ' ಎಂದು ಪಿವಿಸಿ ಪೈಪು ಉದ್ದಕ್ಕೆ ಸೀಳಿ,
ಕುದಿನೀರಲ್ಲಿ ಅದ್ದಿ, ಮೂತಿ ಮೇಲಕ್ಕೆ ಬಗ್ಗಿಸಿ,
ಸೈಕಲ್ ಟ್ಯೂಬಿನ ಪಟ್ಟಿ ಹೊಡೆದ.
ಏಳು ಜೊತೆ. ಎಂಟನೆಯದಕ್ಕೆ ಪೈಪು ಸಾಲಲಿಲ್ಲ;
ಅದಕ್ಕೇ ಇಳಂಗೋ ಸಮಯ ಬರೆಯುವವನಾದ,
ಇವತ್ತಿಗೂ ನನ್ನ ಜೊತೆ ಪೂರ್ತಿ ಮಾತಾಡುವುದಿಲ್ಲ.

ಭಾನುವಾರ, ತುಂತುರು ನಿಂತ ಮೇಲೆ,
ರವಿಕೆ ಬಟ್ಟೆಯ ಬಾವುಟ ಕಟ್ಟಿದ ಹನ್ನೊಂದು ಬಿದಿರು ನೆಟ್ಟು,
ಸೀಟಿ ಬಾಯಿಗಿಟ್ಟೆ. ಸಗಾಯಮೇರಿ ಕೈ ಎತ್ತಿದಳು:
'ಸಾರ್, ನಿಲ್ಲೋದು ಹೇಗೆ?'

ಇಷ್ಟೂ ದಿನ ಹೊರಡುವುದನ್ನಷ್ಟೇ ಯೋಚಿಸಿದ್ದೆ.
ಗೆರೆಯಾಚೆ ಬರೀ ಜಾಲಿಮುಳ್ಳು.
ಓಡಿ ಹೋಗಿ ಅಕ್ಕಿಯ ಖಾಲಿ ಗೋಣಿ ತಂದು,
ಹುಲ್ಲು ತುರುಕಿ ಒಡ್ಡು ಕಟ್ಟುವಷ್ಟರಲ್ಲಿ ಬಿಸಿಲೇರಿತು.
ಗೆದ್ದ ಮುನಿಲಕ್ಷ್ಮಿಯ ಕೆನ್ನೆಯ ಮೇಲೆ
ಗೋಣಿಯ ಅಚ್ಚು ಮಂಗಳವಾರದವರೆಗೂ ಇತ್ತು.

ನಾಲ್ವರು ಬಿದ್ದರು. ನೂರ್ ಆಯಿಷಾಳ
ಒಂದು ಸ್ಕೀ ಕಳಚಿ ಮುಂದೆ ಓಡಿತು, ಅವಳು ಅದರ ಹಿಂದೆ;
ಸ್ಕೀ ಮೂರನೆಯದಾಗಿ ಗೆರೆ ದಾಟಿತು.
ಇಳಂಗೋ ಅದರ ಸಮಯವನ್ನೂ ನಿಷ್ಠೆಯಿಂದ ಬರೆದ.

ತಾತ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ,
ಬೀಡಿ ಬೆರಳಲ್ಲಿ, ಹಚ್ಚದೆ.
'ಇದು ಗುಡ್ಡ ಅಲ್ಲ ಮೇಷ್ಟ್ರೇ,
ಕೆಳಗಿನ ಗುಂಡಿ, ತಲೆಕೆಳಗಾಗಿ ಕೂತಿದೆ.
ನಮ್ಮಪ್ಪ, ನಾನು, ತೊಟ್ಟಿ ತೊಟ್ಟಿಯಾಗಿ ಮೇಲೆ ತಂದದ್ದು.
ಕೇಜಿನಲ್ಲಿ ಇಳಿಯುವಾಗ ಹೊಟ್ಟೆ ಗಂಟಲಿಗೆ ಬರ್ತಿತ್ತು.
ಇವು ನೋಡು, ನಗ್ತಾ ಇಳೀತಾವೆ.'
ಅದು ಸಂತೋಷವೋ ದೂರೋ ತಿಳಿಯಲಿಲ್ಲ.

ಸೋಮವಾರ ವರದಿ ತುಂಬಿದೆ.
ಹಿಮದ ಉಷ್ಣಾಂಶ: ಇಪ್ಪತ್ತಾರು.
ಹಿಮದ ಆಳ: ತಾತನನ್ನು ಕೇಳಿ ಬರೆದೆ, ಹತ್ತು ಸಾವಿರ ಅಡಿ.
ಇಳಿಜಾರು ನೈಸರ್ಗಿಕವೋ ಕೃತಕವೋ, ಒಂದಕ್ಕೆ ಗುರುತು ಹಾಕಿ:
ಪೆನ್ನು ಅಲ್ಲೇ ನಿಂತಿತು. ಖಾಲಿ ಬಿಟ್ಟೆ.
ಮೇಲಿನಿಂದ ಉತ್ತರ ಇನ್ನೂ ಬಂದಿಲ್ಲ.

ನನಗೆ ಉಳಿದಿರುವುದು ಆ ಭಾನುವಾರದ ಮಧ್ಯಾಹ್ನ:
ಟ್ಯಾಂಕರಿನ ನಲ್ಲಿಯಡಿ ಸಾಲಾಗಿ ಕಾಲುಗಳು,
ಬೂಟಿನೊಳಗೂ ಇಳಿದಿತ್ತು ಆ ಹಿಟ್ಟು,
ಓಡದ ಇಳಂಗೋನ ಕಾಲೂ ಬೆಳ್ಳಗೆ.
ಫಿಲೋಮಿನಾ ಮೇಡಂ ಸೆರಗು ಸಿಕ್ಕಿಸಿ ಕೂತು
ಬೆರಳ ಸಂದಿಯನ್ನೂ ಬಿಡದೆ ಉಜ್ಜುತ್ತಿದ್ದರು.
ನೀರು ಹಾಲಿನ ಹಾಗೆ ರಸ್ತೆ ದಾಟಿ ಮೋರಿಗೆ ಹರಿಯುತ್ತಿತ್ತು.
ಸಾಕು ಮೇಡಂ, ಅಂದೆ.
ಅವರು ತಲೆ ಎತ್ತಲಿಲ್ಲ.
'ಇನ್ನೂ ಇದೆ' ಅಂದರು, 'ಇನ್ನೂ.'