ಮೂರೂಕಾಲು ಇಂಚು

ನಿಯಮ ಒಂದೇ: ಹಿಮ್ಮಡಿ ಮೂರು ಇಂಚಿಗೆ ಕಡಿಮೆ ಇರಕೂಡದು.
ಮೇಜಿನ ಹಿಂದಿನಿಂದ ಎದ್ದುಬಂದ ಮುದುಕಿ ನೊರೀನ್
ಮರದ ಸ್ಕೇಲು ಹಿಡಿದು
ಅಗ್ನಿಶಾಮಕದ ಗಂಡಸರನ್ನೂ ಬಿಡದೆ ಅಳೆದಳು,
ಲಾಳ ಹೊಡೆಯುವವರು ಕುದುರೆಯ ಕಾಲು ಮಡಿಸುವ ಹಾಗೆ
ಒಂದೊಂದೇ ಪಾದ ಹಿಂದಕ್ಕೆ ಮಡಿಸಿ.

ನನ್ನದು ಮೂರೂಕಾಲು. ಪಾಸು.
ಹಳೆ ಸಾಮಾನಿನ ಅಂಗಡಿಯಲ್ಲಿ ಎಂಟು ಡಾಲರಿಗೆ ಸಿಕ್ಕ ಕೆಂಪು ಜೋಡು,
ಯಾರದೋ ಮದುವೆಯಲ್ಲಿ ಕುಣಿದು ಸವೆದದ್ದು,
ಒಳಗೆ ಯಾರದೋ ಹೆಬ್ಬೆರಳಿನ ಕಪ್ಪು ಗುರುತು.
ಮೈಮೇಲೆ ಜಿರಾಫೆ.
ಶಾಲೆಯ ಕ್ಯಾಂಟೀನಿನವರು ನಾವು ಚೀಟಿ ಎತ್ತಿದ್ದೆವು:
ಥುಯ್‌ಗೆ ಅನಾನಸು, ಡೆಲ್ಫೀನಾಗೆ ಟೀಪಾಟು,
ನಾಲ್ಕಡಿ ಹತ್ತಿಂಚಿನ ನನಗೆ ಜಿರಾಫೆ.
ನಕ್ಕರು. ನಾನೂ ನಕ್ಕೆ.
ಗುಜ್ಜಾರಿ ಎಂದು ಕರೆಸಿಕೊಂಡೇ ಬೆಳೆದವಳ ಲೆಕ್ಕವನ್ನು
ದೇವರು ತಡವಾಗಿಯಾದರೂ ಚುಕ್ತಾ ಮಾಡುತ್ತಾನೆ.

ಮೂರು ವಾರ ಅಡುಗೆಮನೆಯಲ್ಲೇ ಅಭ್ಯಾಸ.
ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಒಲೆಗೆ,
ಗೋಡೆ ಹಿಡಿದು, ಈಗಷ್ಟೇ ಎದ್ದು ನಿಂತ ಕೂಸಿನ ಹಾಗೆ.
ಎರಡನೆಯ ದಿನ
ನಮ್ಮ ಮೋಟು ಫ್ರಿಜ್ಜಿನ ನೆತ್ತಿ ಕಂಡಿತು,
ಇಷ್ಟು ವರ್ಷ ಮೂರೇ ಇಂಚಿಗೆ ತಪ್ಪಿಹೋಗಿದ್ದ ಸೀಮೆ.
ಬೆರಳು ಹೂತುಹೋಗುವಷ್ಟು ಧೂಳು,
ಒಂದು ಸತ್ತ ನೊಣ,
ಬಿಸ್ಕತ್ತಿನ ಡಬ್ಬಿಯ ಹಿಂದೆ... ಇರಲಿ,
ಅದು ಆಮೇಲಿನ ಮಾತು.

ಜಿಲಾಂಗಿನ ಕಡಲದಂಡೆ. ಕೊಲ್ಲಿಯ ಗಾಳಿ
ನನ್ನ ಸ್ಪಂಜಿನ ಕತ್ತು ಹಿಡಿದು ಎಳೆದಾಡುತ್ತಿತ್ತು.
ದಾರಿಯುದ್ದಕ್ಕೂ, ಹಳೆಯ ಹಡಗುಕಟ್ಟೆಯ ಮರದಲ್ಲಿ ಕೆತ್ತಿ
ಬಣ್ಣ ಬಳಿದ ಮನುಷ್ಯರು
ಯಾರ ಪರವನ್ನೂ ವಹಿಸದೆ ನಿಂತಿದ್ದರು.
ಕೋಸ್ಟಾಸ್ ಮಡಚುವ ಕುರ್ಚಿಯಲ್ಲಿ ಕೂತೇ ಸೀಟಿ ಊದಿದ.
ವಾರಕ್ಕೆ ಮೂರು ದಿನ ಅವನು ಕೂರುವುದು ಬೇರೆ ಕುರ್ಚಿ.
ಅದರ ಪಕ್ಕಕ್ಕೆ ಇನ್ನೊಂದು ಬರಲಿ,
ರಕ್ತ ತೊಳೆಯುವ ಯಂತ್ರ ಇನ್ನೊಂದು ಬರಲಿ ಎಂದು
ಈ ಎಂಟುನೂರು ಮೀಟರು.

ಕಟಕಟ ಕಟಕಟ.
ತಾಲ್ಲೂಕು ಕಚೇರಿಯ ಟೈಪ್‌ರೈಟರುಗಳೆಲ್ಲ
ಒಂದೇ ಅರ್ಜಿ ಬಡಿಯಲು ಕೂತ ಹಾಗೆ.
ಸನ್ಯಾಸಿನಿಯೊಬ್ಬ ಗಡ್ಡ ಹಾರಿಸುತ್ತ ನನ್ನನ್ನು ದಾಟಿದ.
ಟೀಪಾಟು ಮೂತಿ ಮುರಿದುಕೊಂಡು
ಹುಲ್ಲಿನ ಮೇಲೆ ಕೂತು ನಗುತ್ತಿತ್ತು.
ಮೀನಖಂಡದಲ್ಲಿ ಮೆಣಸಿನಕಾಯಿ ಅರೆದ ಉರಿ.
ಕಿರುಬೆರಳು ಯಾವಾಗಲೋ ಬೇರೆ ಯಾರದ್ದೋ ಆಗಿತ್ತು.

ಐಸ್‌ಕ್ರೀಮ್ ಗಾಡಿಯ ಹತ್ತಿರ ಎಡಗಾಲಿನ ಹಿಮ್ಮಡಿ
ಲಟಕ್ಕೆಂದು ಮುರಿದು
ಹಲಗೆಯ ಸಂದಿಯಲ್ಲಿ ಮೊಳೆಯಂತೆ ನಿಂತೇಬಿಟ್ಟಿತು.
ನಾನು ಮಾತ್ರ ಮುಂದೆ.
ಒಂದು ಹೆಜ್ಜೆ ಜಿರಾಫೆ, ಒಂದು ಹೆಜ್ಜೆ ಗುಜ್ಜಾರಿ.
ಒಂದು ಹೆಜ್ಜೆಗೆ ನೀರು, ದೋಣಿ, ಆಚೆ ದಡ;
ಮುಂದಿನ ಹೆಜ್ಜೆಗೆ ಮುಂದಿನವರ ಬೆನ್ನು.
ಮತ್ತೆ ನೀರು.
ಮತ್ತೆ ಬೆನ್ನು.
ಬದುಕೆಲ್ಲ ನೋಡಿದ್ದು ಬೆನ್ನುಗಳನ್ನೇ ಎಂದು
ಓಡುತ್ತ ಓಡುತ್ತ ಹೊಳೆಯಿತು. ಬೇಜಾರೇನೂ ಆಗಲಿಲ್ಲ.
ಬೆನ್ನುಗಳ ಬಗ್ಗೆ ನನಗೆ ಗೊತ್ತಿರುವಷ್ಟು
ಎತ್ತರದವರಿಗೆ ಗೊತ್ತಿಲ್ಲ:
ಯಾವ ಅಂಗಿ ಆತುರದಲ್ಲಿ ಇಸ್ತ್ರಿಯಾದದ್ದು,
ಯಾವ ಭುಜ ಅಳು ನುಂಗುತ್ತಿದೆ.

ಮೈಕಿನವನು ಸರ್ವಮಂಗಳ ಎಂಬುದನ್ನು ಮೂರು ತುಂಡು ಮಾಡಿ
ಒಂದನ್ನು ನುಂಗಿ, ಎರಡನ್ನು ಕೂಗಿದ.
ಕೊನೆಯಿಂದ ಆರನೆಯವಳು.
ಗೆರೆಯಾಚೆ ಇವರು,
ಆರಡಿಯ ಮನುಷ್ಯ, ಕಂಕುಳಲ್ಲಿ ನನ್ನ ಹವಾಯಿ ಚಪ್ಪಲಿ,
ಜೋರು ಚಪ್ಪಾಳೆ, ಬಾಯಲ್ಲಿ ಪುದೀನದ ಗುಳಿಗೆ.
ಸೇದುವುದು ಬಿಟ್ಟಾಗಿನಿಂದ, ನಾಲ್ಕು ವರ್ಷದಿಂದ,
ಸದಾ ಒಂದು ಪುದೀನ.

ಚಂದಾ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಹತ್ತು ಡಾಲರು.
"ಇನ್ನೊಂದು ಸೊನ್ನೆ ಹಾಕಿ" ಅಂದೆ.
"ಯಾಕೆ, ಏನಾಯ್ತೀಗ?"
ಕಲ್ಲುಬೆಂಚಿನ ಮೇಲೆ ಕೂತು ಮುರಿದ ಜೋಡು ಬಿಚ್ಚಿದೆ,
ಒಂದು ಗುಳ್ಳೆ ಒಡೆದಿತ್ತು, ಒಂದು ಕಾಯುತ್ತಿತ್ತು.
"ಫ್ರಿಜ್ಜಿನ ಮೇಲೆ, ಡಬ್ಬಿಯ ಹಿಂದೆ,
ಇನ್ನು ಏಳೇ ಉಳಿದಿವೆ. ಎಣಿಸಿದ್ದೇನೆ."

ಗಾಳಿ.
ಪುದೀನ ಕಟಕ್ಕೆಂದು ಹಲ್ಲಿಗೆ ಸಿಕ್ಕಿತು.
ಅವರು ಪೆನ್ನು ಕೇಳಿದರು.