ಐದು ಡಿಗ್ರಿ

ಲಾದ್ರು ಬರೆಟ್ಟೊನ ಸಿವಿಲ್ ಐಡಿಯಲ್ಲಿ
ಉದ್ಯೋಗ: ಬಡಗಿ.
ಹದಿನಾಲ್ಕು ವರ್ಷ ಕುವೈತಿನಲ್ಲಿದ್ದೂ
ಒಂದು ಮೊಳೆ ಹೊಡೆದವನಲ್ಲ.
ನನ್ನದರಲ್ಲಿ: ಗೋದಾಮು ಸಹಾಯಕ.
ನಮ್ಮ ಆಫೀಸಿನಲ್ಲಿ ಪತ್ರಕರ್ತರೆಂದು ಮುದ್ರೆ ಬಿದ್ದವರು
ಇಬ್ಬರೇ, ಇಬ್ಬರೂ ಮಾಲೀಕರ ಅಳಿಯಂದಿರು.

ಜುಲೈ. ಹಗಲು ಹನ್ನೆರಡೂವರೆ.
ಬಿಸಿಲಲ್ಲಿ ದುಡಿಸಬಾರದ ಹೊತ್ತು.
ಅಹ್ಮದಿಯ ಆಚೆ ಪೈಪ್‌ಲೈನಿನ ಹೊಂಡದಲ್ಲಿ
ಕರೀಂನಗರದ ಮೈಸಯ್ಯ ಬಿದ್ದಿದ್ದ.
ಲಾದ್ರು ಮೊದಲು ತೆಗೆದದ್ದು ಅವನನ್ನಲ್ಲ,
ಫೋರ್‌ಮನ್ನನ ಜೀಪಿಗೆ ತೂಗುಹಾಕಿದ್ದ ತಾಪಮಾಪಕ:
ನೆರಳಲ್ಲೇ ಐವತ್ತನಾಲ್ಕು.
ಆಮೇಲೆ ಅಂಗಿ. ನೀಲಿ ಬಟ್ಟೆಯ ಮೇಲೆ
ಬೆವರು ಆರಿ ಉಳಿದ ಉಪ್ಪಿನ ಗೆರೆಗಳು,
ಇಳಿತ ಹಿಂದೆ ಸರಿಯುತ್ತ ಬರೆದಿಟ್ಟ ಹಾಗೆ
ಒಂದರ ಕೆಳಗೊಂದು.

ಕಾವಲಿನವರು ಕ್ಯಾಮರಾ ಕಸಿದರು.
ಅಷ್ಟರಲ್ಲಿ ಉಗುರಗಲದ ಮೆಮೊರಿ ಕಾರ್ಡು
ನಾಲಿಗೆಯ ಅಡಿಗೆ ಸೇರಿತ್ತು.
ಯಾರು ನೀನು? ಉತ್ತರವಿಲ್ಲ.
ಐಡಿ ನೋಡಿ ನಕ್ಕರಂತೆ: ಬಡಗಿ, ಅದೂ ಮೂಗ.
ಕೆನ್ನೆಗೆ ಎರಡು ಬಿಟ್ಟರು.
ಬಾಯಿ ತೆರೆಯಲಿಲ್ಲ.

ರಾತ್ರಿ ಒಂಬತ್ತಕ್ಕೆ ನನ್ನ ಅಂಗೈಗೆ ಉಗುಳಿದ.
ಜೊಲ್ಲು, ಸ್ವಲ್ಪ ರಕ್ತ, ಕಾರ್ಡು.
"ಅಡಿಬರಹ ನೀನೇ ಬರಿ ಮಾರಾಯ,
ನಂಗೆ ಇಂಗ್ಲಿಷ್ ಸಮ ಬರುದಿಲ್ಲ."

ಬರೆದೆ.
ಹತ್ತೂಕಾಲಿಗೆ ಫೋನು ಬಂತು, ನನಗಲ್ಲ.
ಸಂಪಾದಕರು ಎದ್ದು ಬಂದು ಕುರ್ಚಿಯ ಹಿಂದೆ ನಿಂತರು.
ಒಳ್ಳೆಯ ಮನುಷ್ಯ; ಒಮ್ಮೆ ನನ್ನ ಮಗಳ ಫೀಸು ಕಟ್ಟಿದವರು.
"ಈ ನೆಲದ ಉಪ್ಪು ತಿಂದಿದ್ದೇವೆ" ಎಂದರು, ಮೆಲ್ಲಗೆ.
ಪರದೆಯ ಮೇಲೆ ಆ ಅಂಗಿ ಹಾಗೇ ತೆರೆದಿತ್ತು.

ಐವತ್ತನಾಲ್ಕನ್ನು ನಲವತ್ತೊಂಬತ್ತು ಮಾಡಿದ್ದು ನಾನೇ.
ಎರಡು ಅಂಕಿ ಅಳಿಸಿದೆ, ಎರಡು ಒತ್ತಿದೆ.
'ಸತ್ತ' ಇದ್ದಲ್ಲಿ 'ಅಸ್ವಸ್ಥನಾಗಿ ಕೊನೆಯುಸಿರೆಳೆದ.'
ಹೊಂಡ ಎಂಬುದು ತಾನಾಗಿಯೇ ಬಿದ್ದುಹೋಯಿತು.
ಫೋಟೋದ ಜಾಗಕ್ಕೆ ಫ್ರಿಜ್ಜಿನ ಜಾಹೀರಾತು,
ಅಳತೆ ತೆಗೆದಂತೆ ಕೂತಿತು.

ಹತ್ತನೇ ದಿನ ಲಾದ್ರುವನ್ನು ವಿಮಾನ ಹತ್ತಿಸಿದರು.
ಕಾರಣ: ವೀಸಾದಲ್ಲಿ ಇಲ್ಲದ ಕೆಲಸ ಮಾಡಿದ್ದು.
ಸುಳ್ಳಲ್ಲ.
ಈಗ ಶಿರ್ವದಲ್ಲಿ ಮದುವೆಗಳಿಗೆ ಹೋಗುತ್ತಾನಂತೆ,
ನಗಿ ನಗಿ ಎನ್ನುತ್ತಾನಂತೆ ಎಲ್ಲರಿಗೂ.

ನನ್ನ ಇಕಾಮಾ ನವೀಕರಣವಾಯಿತು, ಎರಡು ವರ್ಷಕ್ಕೆ.
ಗೋದಾಮು ಸಹಾಯಕ.
ಅದೂ ಸುಳ್ಳಲ್ಲ: ಆ ಐದು ಡಿಗ್ರಿ
ಯಾರೂ ಬಿಡಿಸಿಕೊಂಡು ಹೋಗದ ಸರಕು,
ನನ್ನ ಬಳಿಯೇ ಇದೆ.
ಮಲಗುವಾಗ ಗೋಡೆಯ ಎಸಿ ಹದಿನೆಂಟು ತೋರಿಸುತ್ತದೆ.
ನಾನು ಕೂಡಿಸಿ ಓದುತ್ತೇನೆ.