ಇಲ್ಲಿ ನೋಡ್ರಿ

ಇಪ್ಪತ್ತೆರಡು ವರ್ಷ ಮದುವಿ ಫೋಟೋ ತಗದ ಕೈ ಇದು.
"ಈ ಕಡೆ ನೋಡ್ರಿ, ಗದ್ದ ಎತ್ರಿ, ಸ್ವಲ್ಪ ನಗ್ರಿ ಅಕ್ಕಾರ"
ಬಾಯಿಗೆ ಅದೇ ರೂಢಿ.
ಹೆರಕಲ್ಲಿನ ಹಿನ್ನೀರಿನಾಗ
ಹೇಳೂದು ಯಾರಿಗೆ?

ನಸುಕಿನ ಐದಕ್ಕ ಹುಲಿಗೆಪ್ಪ ತೆಪ್ಪ ತಂದ.
ಬೀಡಿ ಕಿವಿ ಮ್ಯಾಲೆ ಇತ್ತು, ಹಚ್ಚಲಿಲ್ಲ.
"ವಾಸನಿ ಹಿಡೀತಾವ್ರಿ."
ಎರಿಮಣ್ಣಿನ ಕೆಸರಿನಾಗ ಬೋರಲು ಮಲಗಿದೆ,
ಕಂತಿನ ಮ್ಯಾಲೆ ತಂದ ಲೆನ್ಸಿಗೆ
ಹೆಂಡತಿಯ ಹಳೇ ಇಳಕಲ್ ಸೀರಿ ಸುತ್ತಿ.

ದೂರ ರಾಜಹಂಸಗಳ ಸಾಲು,
ಪಂಕ್ತಿಗೆ ಕುಂತ ಬೀಗರಂಗ
ತಲಿ ತಗ್ಗಿಸಿ ಉಣ್ಣಾಕತ್ತಿದ್ದವು.
ಒಬ್ಬರೂ ಮುಖ ಎತ್ತಲಿಲ್ಲ.
ಮೊಣಕೈಗೆ ಕಪ್ಪೆಚಿಪ್ಪು ಚುಚ್ಚಿತು, ಸುಮ್ಮನಿದ್ದೆ.
ಕಾಲ ಮ್ಯಾಲೆ ಏನೋ ಹರದಾಡಿತು, ಸುಮ್ಮನಿದ್ದೆ.

ಆಗ ಬಂದಳು ಕರೀದ ಬೀಗತಿ,
ನೀರುನಾಯಿ, ಬೆನ್ನಿಗೆ ಎರಡು ಮರಿ.
ಬ್ಯಾಸಿಗಿಗೆ ನೀರಿಳದು ತಲಿ ಎತ್ತಿದ ಕಲ್ಲಿನ ಕಟ್ಟಿ,
ಅದರ ಮ್ಯಾಲೆ ಮೀನ ಇಟ್ಟು
ಕರುಮ್ ಕರುಮ್ ಕಡದಳು.
ಮೀಸಿಯ ಹನಿಯೊಳಗ ಹೊತ್ತು ಮೂಡಿತು.

ನನ್ನ ಸುಡಗಾಡು ಬಾಯಿ ತಾನಾಗೇ ಅಂತು:
"ಇಲ್ಲಿ ನೋಡ್ರಿ."

ನೋಡಿದಳು.
ಒಂದ ಉಸರಿನಷ್ಟು.
ಗುಂಡಿ ಒತ್ತೂದ್ರಾಗ
ಬರೇ ನೀರಿನ ಉಂಗುರ.

"ಬಿತ್ತೇನ್ರಿ?"
ತೋರಿಸಿದೆ: ಹಸಿ ಕಟ್ಟಿ, ಮೂರು ಹುರುಪಿ,
ಒಂದು ಹೆಜ್ಜಿ ಆರಾಕತ್ತಿತ್ತು.
ಹುಲಿಗೆಪ್ಪ ಪರದೆ ಹತ್ರ ಕಣ್ಣು ತಂದ,
ಕೈ ಒರಸಿಕೊಂಡು ಮತ್ತೊಮ್ಮೆ ನೋಡಿದ.
"ನಮ್ಮೂರ ಗರಡಿ ಕಟ್ಟಿರೀ ಇದು!
ಇಲ್ಲೇ ಸಂಗ್ರಾಣಿ ಕಲ್ಲು ಎತ್ತತಿದ್ದೆ.
ಮುಳುಗಿದ ಮ್ಯಾಲೆ ಇಷ್ಟು ಹತ್ರ ಕಂಡಿದ್ದಿಲ್ಲ.
ಒಂದು ದೊಡ್ಡ ಪ್ರಿಂಟ್ ಹಾಕ್ರಿ.
ರೊಕ್ಕ ಎಷ್ಟಾಗ್ತೈತಿ?"

ಬೀಡಿ ಈಗ ಹಚ್ಚಿದ.
ರಾಜಹಂಸಗಳು ಒಮ್ಮೆಲೇ ತಲಿ ಎತ್ತಿದವು.